ಉರಿಯೂತ ಎಬ್ಬಿಸಿದ್ದು ಪ್ರೋಟೀನೇನಾ?

ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಈಜುವುದು ಮೈಮೇಲಿನ ಉದ್ದನೆಯ ಎಳೆಗಳಿಂದ. ಫ್ಲಾಜೆಲಿನ್ ಎಂಬ ಒಂದೇ ಪ್ರೋಟೀನಿನ ಸಾವಿರಾರು ಪ್ರತಿಗಳು ಸೇರಿ ಒಂದು ಎಳೆ ಆಗುತ್ತದೆ. ನಮ್ಮ ಕರುಳಿನ ಕೋಶಗಳ ಮೇಲೆ ಟಿಎಲ್‌ಆರ್5 ಎಂಬ ರಿಸೆಪ್ಟರ್ ಇದೆ. ಎಳೆಯಿಂದ ಬಿಡಿಯಾದ ಫ್ಲಾಜೆಲಿನ್ ಅದಕ್ಕೆ ಅಂಟಿದರೆ ಸಾಕು, ಕೋಶದೊಳಗೆ ಉರಿಯೂತದ ಜೀನ್‌ಗಳನ್ನು ಚಾಲೂ ಮಾಡುವ ಎನ್ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಎಚ್ಚೆತ್ತುಕೊಳ್ಳುತ್ತದೆ. ಐಎಲ್-8 ಎಂಬ ಸಂಕೇತ ಪ್ರೋಟೀನ್ ಹೊರಬರುತ್ತದೆ. ಅದರ ಜಾಡು ಹಿಡಿದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಸೇರುತ್ತವೆ. 2001ರಿಂದಲೇ ಇದು ಗೊತ್ತಿದೆ. ಆದರೂ ಲ್ಯಾಬಿನಲ್ಲಿ ಇದನ್ನು ನಂಬುವ ಹಾಗೆ ತೋರಿಸುವುದು ಸುಲಭವಲ್ಲ. ನನ್ನ ಸಮಯವೆಲ್ಲ ಹೋಗಿದ್ದು ಅಲ್ಲೇ.

ಫ್ಲಾಜೆಲಿನ್ನನ್ನು ನಾನು ತಯಾರಿಸುವುದು ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ. ಇ. ಕೋಲಿಯ ಹೊರಪೊರೆ ತುಂಬ ಎಲ್‌ಪಿಎಸ್, ಅಂದರೆ ಎಂಡೋಟಾಕ್ಸಿನ್ ಎಂಬ ಕೊಬ್ಬು-ಸಕ್ಕರೆಯ ಅಣು. ಅದು ಟಿಎಲ್‌ಆರ್4 ಎಂಬ ಇನ್ನೊಂದು ರಿಸೆಪ್ಟರ್ ಮೂಲಕ ಅದೇ ಎನ್ಎಫ್-ಕಪ್ಪಾ-ಬಿಯನ್ನು ಎಬ್ಬಿಸುತ್ತದೆ. ಮನುಷ್ಯರ ಮಾನೋಸೈಟ್ ಎಂಬ ಬಿಳಿ ರಕ್ತಕಣಗಳಿಗೆ ಪಿಕೋಗ್ರಾಂ ಲೆಕ್ಕದ ಎಲ್‌ಪಿಎಸ್ ಇದ್ದರೂ ಸಾಕು. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಒಂದೇ ಒಂದು ಚೊಕ್ಕ ಗೆರೆ ಕಂಡರೆ ಖುಷಿಯಾಗುತ್ತದೆ, ಆದರೆ ಪ್ರೋಟೀನಿಗೆ ಹಚ್ಚುವ ಬಣ್ಣ ಎಲ್‌ಪಿಎಸ್ಸನ್ನು ತೋರಿಸುವುದೇ ಇಲ್ಲ, ಅಲ್ವಾ?

ಹಾಗಾಗಿ ಪ್ರೋಟೀನನ್ನು ಬೇರ್ಪಡಿಸುವ ನಿಕಲ್ ಕಾಲಮ್ ಮುಗಿದ ಮೇಲೆ ಟ್ರೈಟಾನ್ ಎಕ್ಸ್-114 ಎಂಬ ಡಿಟರ್ಜೆಂಟ್ ಹಾಕುತ್ತೇನೆ. ಐಸಿನಲ್ಲಿಟ್ಟಾಗ ಟ್ಯೂಬ್ ತಿಳಿಯಾಗಿರುತ್ತದೆ. 37 ಡಿಗ್ರಿಗೆ ತಂದರೆ ನೋಡನೋಡುತ್ತಲೇ ಹಾಲಿನಂತೆ ಬೆಳ್ಳಗಾಗುತ್ತದೆ. ಬಿಸಿ ಆರುವ ಮೊದಲೇ ಸೆಂಟ್ರಿಫ್ಯೂಜ್ ಮಾಡಬೇಕು, ತಣ್ಣಗಾದರೆ ಮತ್ತೆ ಬೆರೆತುಬಿಡುತ್ತದೆ. ತಳದಲ್ಲಿ ಎಣ್ಣೆಯಂಥ ಸಣ್ಣ ಹನಿ ಕೂರುತ್ತದೆ. ಎಲ್‌ಪಿಎಸ್ ಹೋಗಿ ಸೇರುವುದು ಅದರೊಳಗೆ. ಆ ಹನಿಗೆ ತಾಗದಂತೆ ಮೇಲಿನ ನೀರನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಎಂಡೋಟಾಕ್ಸಿನ್ ಇಳಿಯುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡುತ್ತೇನೆ. ಉಳಿದ ಡಿಟರ್ಜೆಂಟನ್ನೂ ತೆಗೆಯಬೇಕು, ಇಲ್ಲದಿದ್ದರೆ ಕೋಶಗಳು ಅದರಿಂದಲೇ ಸಾಯುತ್ತವೆ. ಗಾಜಿನ ಸಾಮಾನನ್ನು 250 ಡಿಗ್ರಿ ಒಣ ಬಿಸಿಯಲ್ಲಿ ಇಡುತ್ತೇನೆ. ಆಟೋಕ್ಲೇವ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಎಂಡೋಟಾಕ್ಸಿನ್ನನ್ನಲ್ಲ.

ಎಂಡೋಟಾಕ್ಸಿನ್ ಅಳೆಯಲು ಎಲ್‌ಎಎಲ್ ಪರೀಕ್ಷೆ. ಕುದುರೆಲಾಳದ ಏಡಿಯ ರಕ್ತಕೋಶಗಳಿಂದ ಮಾಡಿದ ದ್ರಾವಣ ಅದು. ಸೆಲ್ಯುಲೋಸ್ ಫಿಲ್ಟರಿನಿಂದ ಬರುವ ಗ್ಲೂಕಾನ್ ಎಂಬ ಸಕ್ಕರೆ ಸರಪಳಿಗೂ ಅದು ಸ್ಪಂದಿಸಬಹುದು, ಆದ್ದರಿಂದ ಆ ಫಿಲ್ಟರ್ ಬಳಸುವುದಿಲ್ಲ.

ಇನ್ನು ಕಂಟ್ರೋಲ್‌ಗಳು, ಅಂದರೆ ಉರಿಯೂತ ಎಬ್ಬಿಸಿದ್ದು ಪ್ರೋಟೀನೋ ಎಲ್‌ಪಿಎಸ್ಸೋ ಎಂದು ಖಚಿತಪಡಿಸುವ ಹೋಲಿಕೆ ಪರೀಕ್ಷೆಗಳು. 'ಕುದಿಸಿ ನೋಡಿ, ಪ್ರೋಟೀನ್ ಕೆಡುತ್ತದೆ, ಎಲ್‌ಪಿಎಸ್ ಉಳಿಯುತ್ತದೆ' ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಫ್ಲಾಜೆಲಿನ್ ವಿಷಯದಲ್ಲಿ ಇದನ್ನು ನಾನು ನೆಚ್ಚುವುದಿಲ್ಲ, ಅದು ಬಿಸಿಯನ್ನು ಚೆನ್ನಾಗಿಯೇ ತಡೆಯುತ್ತದೆ. ಅದಕ್ಕೆ ಪ್ರೋಟಿನೇಸ್ ಕೆ ಎಂಬ ಕಿಣ್ವ ಹಾಕಿ ಪ್ರೋಟೀನನ್ನು ಚೂರು ಮಾಡುತ್ತೇನೆ. ಆಮೇಲೂ ಐಎಲ್-8 ಬಂದರೆ ಅದು ಪ್ರೋಟೀನಿನ ಕೆಲಸವಲ್ಲ. ಪಾಲಿಮಿಕ್ಸಿನ್ ಬಿ ಎಂಬ ಆಂಟಿಬಯಾಟಿಕ್ ಎಲ್‌ಪಿಎಸ್ಸನ್ನು ಹಿಡಿದುಕೊಳ್ಳುತ್ತದೆ, ಆದರೆ ಎಲ್‌ಪಿಎಸ್ ಜಾಸ್ತಿ ಇದ್ದರೆ ಅದಕ್ಕೂ ಸಾಲುವುದಿಲ್ಲ. ಅದೊಂದನ್ನೇ ನಂಬಬೇಡಿ.

ನನಗೆ ಪೂರ್ತಿ ಧೈರ್ಯ ಕೊಟ್ಟದ್ದು ಎರಡು. ಒಂದು, ಲ್ಯಾಬಿನಲ್ಲಿ ಬೆಳೆಸುವ ಎಚ್‌ಇಕೆ293 ಎಂಬ ಮನುಷ್ಯರ ಕೋಶಗಳು: ಒಂದು ಗುಂಪಿಗೆ ಟಿಎಲ್‌ಆರ್5, ಇನ್ನೊಂದಕ್ಕೆ ಟಿಎಲ್‌ಆರ್4 ಸೇರಿಸಿದ್ದು. ಈ ಕೋಶಗಳಲ್ಲಿ ಮೊದಲಿನಿಂದಲೇ ಸ್ವಲ್ಪ ಟಿಎಲ್‌ಆರ್5 ಇರುವುದರಿಂದ, ಟಿಎಲ್‌ಆರ್4 ಗುಂಪಿನಲ್ಲಿ ಅದನ್ನು ತೆಗೆದುಹಾಕಿದ ಕೋಶಗಳನ್ನೇ ಬಳಸಿದೆ. ಮೊದಲ ಗುಂಪು ಜೋರಾಗಿ ಸ್ಪಂದಿಸಿತು, ಎರಡನೆಯದು ಸುಮ್ನೆ ಕೂತಿತು. ಇನ್ನೊಂದು, ಟಿಎಲ್‌ಆರ್5 ಗುರುತಿಸುವ ಜಾಗದಲ್ಲಿ, ಅಂದರೆ 89ರಿಂದ 96ನೇ ಅಮೈನೋ ಆಮ್ಲಗಳಲ್ಲಿ ಬದಲಾವಣೆ ಮಾಡಿದ ಫ್ಲಾಜೆಲಿನ್. ಅದೇ ಇ. ಕೋಲಿ, ಅದೇ ಕಾಲಮ್, ಅದೇ ತೊಳೆತ. ಕಲಬೆರಕೆ ಇದ್ದಿದ್ದರೆ ಎರಡರಲ್ಲೂ ಇರಬೇಕಿತ್ತು. ಈ ರೂಪಕ್ಕೆ ಟಿಎಲ್‌ಆರ್5 ಕೋಶಗಳಿಂದ ಐಎಲ್-8 ಬರಲಿಲ್ಲ. ಒಂದೇ ಕಂಟ್ರೋಲ್ ಮಾಡಲು ಪುರುಸೊತ್ತಿದ್ದರೆ ನಾನು ಆರಿಸುವುದು ಇದನ್ನೇ.

ಮುಂದಿನ ಕೆಲಸ ಕೋಶದ ಒಳಗೆ. ಅಲ್ಲಿ ಫ್ಲಾಜೆಲಿನ್ನನ್ನು ಹಿಡಿಯುವುದು ನೈಪ್ ಮತ್ತು ಎನ್ಎಲ್‌ಆರ್‌ಸಿ4 ಎಂಬ ಪ್ರೋಟೀನುಗಳು. ಕ್ಯಾಸ್ಪೇಸ್-1 ಎಂಬ ಕಿಣ್ವ ಚುರುಕಾಗಿ ಐಎಲ್-1 ಬೀಟಾ ಎಂಬ ಉರಿಯೂತದ ಸಂಕೇತ ಹೊರಬರುತ್ತದೆ. ಒಳಗೆ ಹೊಕ್ಕ ಎಲ್‌ಪಿಎಸ್ಸನ್ನು ಕ್ಯಾಸ್ಪೇಸ್-4 ನೇರವಾಗಿ ಹಿಡಿಯುತ್ತದೆ, ಅದಕ್ಕೆ ಟಿಎಲ್‌ಆರ್4 ಬೇಕಾಗಿಯೇ ಇಲ್ಲ. ಆದ್ದರಿಂದ ಪ್ರೋಟೀನನ್ನು ಒಳಗೆ ಕಳಿಸುವ ಮುನ್ನ ಟ್ರೈಟಾನ್ ತೊಳೆತವನ್ನು ಇನ್ನಷ್ಟು ಸಲ ಮಾಡುತ್ತಿದ್ದೇನೆ.