ತೆರೆಯ ಮೇಲಿನವರು ಎದುರು ಬಂದು ಕೂರಬೇಕಾದರೆ: ಸಾಕ್ಷ್ಯಚಿತ್ರೋತ್ಸವದ ಸ್ವಯಂಸೇವಕರ ಕೆಲಸ

ಪೌರಕಾರ್ಮಿಕರ ಬದುಕಿನ ಚಿತ್ರ ಓಡುವಾಗ ಸಭಾಂಗಣದಲ್ಲಿ ಪೌರಕಾರ್ಮಿಕರೇ ಇಲ್ಲದಿದ್ದರೆ ಅಂಥ ಉತ್ಸವ ಯಾಕೆ ಬೇಕು? ಜಿಲ್ಲಾ ಕೇಂದ್ರಗಳಲ್ಲಿ ಎರಡು ದಿನದ ಸಾಕ್ಷ್ಯಚಿತ್ರೋತ್ಸವ ನಡೆಸುವಾಗ ನಾವು ಎಲ್ಲಕ್ಕಿಂತ ಮೊದಲು ಕೂತು ಬರೆಯುವುದು ವೇಳಾಪಟ್ಟಿ. ನಸುಕಿನಲ್ಲಿ ಪೊರಕೆ ಹಿಡಿದವರು ಮನೆಗೆ ಹೋಗಿ, ಸ್ನಾನ ಊಟ ಮುಗಿಸಿ ಬರಬೇಕೆಂದರೆ ಸಂಜೆ 4 ಗಂಟೆ ಸರಿ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಭಾನುವಾರ ಒಂದೇ ಬಿಡುವು, ಅದರಲ್ಲೂ ವಾರದ ಬಟ್ಟೆ ಒಗೆಯುವುದಿರುತ್ತದೆ. ಅವರ ಚಿತ್ರವನ್ನು 11ಕ್ಕೆ ಮೊದಲು ಹಾಕಬಾರದು. ಮಕ್ಕಳು ಜೊತೆಗೆ ಬಂದೇ ಬರುತ್ತಾರೆ. ಪಕ್ಕದ ಕೋಣೆಯಲ್ಲಿ ಚಾಪೆ, ಬಣ್ಣದ ಪೆನ್ಸಿಲ್, ನೋಡಿಕೊಳ್ಳಲು ಇಬ್ಬರು ಇರಲೇಬೇಕು.

ಅನುಮತಿಯ ಕೆಲಸ ಬೇಗ ಶುರುವಾಗಲಿ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಚಿತ್ರೋತ್ಸವದವರು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಕೇಳಬಹುದು. ಅದಕ್ಕೆ ಚಿತ್ರಗಳ ಪಟ್ಟಿ, ಸಾರಾಂಶ, ಅವಧಿ ಎಲ್ಲ ಒದಗಿಸಬೇಕು. ಉತ್ತರ ಬರುವ ತನಕ ಪೋಸ್ಟರ್ ಅಚ್ಚು ಹಾಕಿಸಬೇಡಿ. ಸಾಕ್ಷ್ಯಚಿತ್ರಕಾರರಿಗೆ ಇದು ಹಳೆಯ ನೋವು. 2004ರಲ್ಲಿ ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವದ ಆಯ್ಕೆಯಲ್ಲಿ ಕೈಬಿಟ್ಟ ಚಿತ್ರಗಳನ್ನು ಅವರೆಲ್ಲ ಸೇರಿ ‘ವಿಕಲ್ಪ’ ಎಂಬ ಹೆಸರಿನಲ್ಲಿ ತಾವೇ ತೋರಿಸಿದ್ದರು. ಸರ್ಕಾರದ ಕಾಗದ ಏನೇ ಇರಲಿ, ನಿರ್ದೇಶಕರ ಲಿಖಿತ ಒಪ್ಪಿಗೆ ಬೇರೆಯಾಗಿಯೇ ಬೇಕು, ಯೂಟ್ಯೂಬಿನಲ್ಲಿ ಸಿಗುವ ಚಿತ್ರಕ್ಕೂ.

ಅತಿ ಹೆಚ್ಚು ಹೊತ್ತು ಹಿಡಿಯುವುದು ಸಬ್‌ಟೈಟಲ್. ಬೇರೆ ಭಾಷೆಯ ಚಿತ್ರಕ್ಕೆ ಕನ್ನಡ ಸಾಲು ಬರೆಯುವವರು ಹಲವರು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ರೂಢಿಯಾದವರು. ಹಳೆಯ ಆಸ್ಕಿ ಫಾಂಟಿನ ಫೈಲನ್ನು ಪ್ಲೇಯರ್‌ಗೆ ಹಾಕಿದರೆ ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್‌ಗೆ ಬದಲಿಸಿ, ಫೈಲ್ ಉಳಿಸುವಾಗ ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-8 ಆರಿಸಬೇಕು. ಅಷ್ಟು ಮಾಡಿದರೂ ಕೆಲವು ಪ್ಲೇಯರ್‌ಗಳಲ್ಲಿ ಒತ್ತಕ್ಷರ ಕಳಚಿ ‘ಹಕ್ಕು’ ಎಂಬುದು ‘ಹಕ್‌ಕು’ ಆಗಿ ಬೀಳುತ್ತದೆ. ಅದಕ್ಕೇ ನಾವು ಸಾಲುಗಳನ್ನು ಚಿತ್ರದ ಮೇಲೇ ಅಚ್ಚೊತ್ತಿದ ಪ್ರತಿಯನ್ನು ಮಾಡಿಟ್ಟುಕೊಳ್ಳುತ್ತೇವೆ. ಒಂದು ಸಲಕ್ಕೆ ಎರಡೇ ಸಾಲು, ಸಾಲಿಗೆ 30 ಅಕ್ಷರ ದಾಟಬಾರದು, ಕನಿಷ್ಠ 2 ಸೆಕೆಂಡ್ ನಿಲ್ಲಬೇಕು. ಮೊದಲ ದೃಶ್ಯದಲ್ಲಿ ಸರಿಯಾಗಿದ್ದ ಸಾಲು ಬರಬರುತ್ತಾ ಮಾತಿನಿಂದ ದೂರ ಸರಿದರೆ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಓಡುತ್ತದೆ ಎಂಬುದನ್ನು ನೋಡಿ. 25 ಫ್ರೇಮಿನ ಪ್ರತಿಗೆ ಹೊಂದಿಸಿದ ಸಾಲುಗಳನ್ನು 24ರ ಪ್ರತಿಗೆ ಹಾಕಿದರೆ ಗಂಟೆಗೆ ಸುಮಾರು ಎರಡೂವರೆ ನಿಮಿಷದ ವ್ಯತ್ಯಾಸ ಬರುತ್ತದೆ. ಆರಂಭದ ಐದು ನಿಮಿಷ ಮಾತ್ರ ನೋಡಿ ‘ಸರಿ ಇದೆ’ ಎಂದರೆ ಇದು ಗೊತ್ತೇ ಆಗುವುದಿಲ್ಲ. ನಡುವಿನ ಒಂದು ದೃಶ್ಯ, ಕೊನೆಯ ಒಂದು ದೃಶ್ಯ ತೆಗೆದು ನೋಡಲೇಬೇಕು.

ಓದಲು ಬಾರದವರು ಸಭೆಯಲ್ಲಿರುತ್ತಾರೆ, ಕಣ್ಣು ಮಂಜಾದ ಹಿರಿಯರಿರುತ್ತಾರೆ. ಅವರಿಗಾಗಿ ಒಬ್ಬರು ಮೈಕಿನಲ್ಲಿ ಕನ್ನಡ ಸಾಲುಗಳನ್ನು ಓದುತ್ತಾ ಹೋಗುತ್ತೇವೆ. ಓದುವ ಪ್ರತಿ 16 ಪಾಯಿಂಟಿನಲ್ಲಿರಲಿ, ಎಡಗಡೆ ನಿಮಿಷ-ಸೆಕೆಂಡ್ ಇರಲಿ. ಹಾಳೆಗಳಿಗೆ ಪಿನ್ ಹೊಡೆಯಬಾರದು. ತಿರುವಿದ ಸದ್ದು ಮೈಕಿಗೆ ಬೀಳುತ್ತದೆ. ಒಂದೇ ಮಗ್ಗುಲಿಗೆ ಮುದ್ರಿಸಿ, ಓದಿದ ಹಾಳೆಯನ್ನು ಮೆತ್ತಗೆ ಪಕ್ಕದ ಟವೆಲ್ ಮೇಲೆ ಜಾರಿಸಬೇಕು. ಪುಟ್ಟ ಎಲ್‌ಇಡಿ ದೀಪಕ್ಕೆ ರಟ್ಟಿನ ಮರೆ ಬೇಕು. ಅಭಿನಯ ಬೇಡ. ಚಿತ್ರದಲ್ಲಿ ಅಳುವ ತಾಯಿಯ ದನಿ ಕೇಳುವಂತೆ ಅರೆಗಳಿಗೆ ಬಿಟ್ಟು, ಆಮೇಲೆ ಸಮದನಿಯಲ್ಲಿ ಓದಿದರೆ ಸಾಕು.

ಸಮುದಾಯ ಭವನಗಳು ಪೂರ್ತಿ ಕತ್ತಲಾಗುವುದಿಲ್ಲ. 12 ಅಡಿ ಅಗಲದ ತೆರೆಗೆ 5000 ಲ್ಯೂಮೆನ್‌ಗಿಂತ (ಬೆಳಕಿನ ಅಳತೆ) ಕಡಿಮೆ ಪ್ರೊಜೆಕ್ಟರ್ ತಂದರೆ ರಾತ್ರಿಯ ದೃಶ್ಯಗಳು ಬೂದಿಯಾಗುತ್ತವೆ. ವೆಂಟಿಲೇಟರ್‌ಗಳಿಗೆ ಕಟ್ಟಲು ಶಾಮಿಯಾನದವರ ಹತ್ತಿರ ಕಪ್ಪು ಬಟ್ಟೆ ಸಿಗುತ್ತದೆ. 10 ಮೀಟರ್ ದಾಟಿದ ಸಾಮಾನ್ಯ ಎಚ್‌ಡಿಎಂಐ ಕೇಬಲ್ ಆಗಾಗ ಕೈಕೊಡುತ್ತದೆ, ಲ್ಯಾಪ್‌ಟಾಪನ್ನೇ ಪ್ರೊಜೆಕ್ಟರ್ ಪಕ್ಕಕ್ಕೆ ತರುವುದು ಒಳ್ಳೆಯದು. ಕರೆಂಟ್ ಹೋಗಿ ಜನರೇಟರ್ ಹತ್ತುವ ತನಕ ಎರಡಕ್ಕೂ ಯುಪಿಎಸ್ ಬೇಕು. ಇಲ್ಲದಿದ್ದರೆ ಫ್ಯಾನ್ ಒಮ್ಮೆಗೇ ನಿಂತು ಕಾದ ಲ್ಯಾಂಪ್ ತಣ್ಣಗಾಗದೆ ಹಾಳಾಗಬಹುದು, ಚಿತ್ರವೂ ನಿಲ್ಲುತ್ತದೆ.

ಮೈಕ್‌ಸೆಟ್‌ನವರು ಹಾಡಿಗೆಂದು ಬೇಸ್ ಏರಿಸಿಟ್ಟಿರುತ್ತಾರೆ. ಸಾಕ್ಷ್ಯಚಿತ್ರದ ಜೀವ ಮಾತಿನಲ್ಲಿದೆ. ಬೇಸ್ ಇಳಿಸಲು ಹೇಳಿ. ಪ್ರತಿಧ್ವನಿ ಬರುವ ಹಾಲ್‌ನಲ್ಲಿ ಮುಂದಿನ ಬಾಕ್ಸ್ ಜೋರು ಮಾಡಿದಷ್ಟೂ ಮಾತು ಕಲಸಿಹೋಗುತ್ತದೆ, ನಡುಭಾಗಕ್ಕೆ ಇನ್ನೊಂದು ಜೊತೆ ಚಿಕ್ಕ ಬಾಕ್ಸ್ ಇಡಿಸಿ. ‘ಗುಂಯ್’ ಎಂಬ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಅರ್ಥಿಂಗ್ ತೊಂದರೆ, ಲ್ಯಾಪ್‌ಟಾಪ್ ಮತ್ತು ಮೈಕ್‌ಸೆಟ್ ನಡುವೆ ಡಿಐ ಬಾಕ್ಸ್ (ಆ ಗುಂಯ್ ಸದ್ದು ತಡೆಯುವ ಚಿಕ್ಕ ಪೆಟ್ಟಿಗೆ) ಹಾಕಿದರೆ ಸರಿಹೋಗುತ್ತದೆ.

ಬಾಗಿಲಲ್ಲಿ 15 ಸೆಂಟಿಮೀಟರ್‌ನ ಒಂದೇ ಮೆಟ್ಟಿಲಿದ್ದರೂ ಗಾಲಿಕುರ್ಚಿಗೆ ಅದು ಗೋಡೆ. 1:12ರ ಇಳಿಜಾರಿನ ಲೆಕ್ಕದಲ್ಲಿ 1.8 ಮೀಟರ್ ಉದ್ದದ ರ‍್ಯಾಂಪ್ ಬೇಕು. ಒಂದು ಮೋಟು ಹಲಗೆ ಒರಗಿಸಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ, ಅದರಲ್ಲಿ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಗಾಲಿಕುರ್ಚಿಯ ಜಾಗ ಸಾಲಿನ ಮಧ್ಯದಲ್ಲೂ ಇರಲಿ, ಮೂಲೆಯಲ್ಲಿ ಮಾತ್ರವಲ್ಲ. ಸಂವಾದಕ್ಕೆ ಸಂಜ್ಞಾಭಾಷೆಯವರು ಇಬ್ಬರು ಬೇಕು, ಸುಮಾರು 20 ನಿಮಿಷಕ್ಕೊಮ್ಮೆ ಬದಲಾಗಲು. ಅವರ ಮುಖ, ಕೈ ಎರಡರ ಮೇಲೂ ಬೆಳಕು ಬೀಳಬೇಕು.

ಹಲ್ಲೆ, ಅತ್ಯಾಚಾರ, ಸಾವಿನ ದೃಶ್ಯಗಳಿದ್ದರೆ ಚಿತ್ರಕ್ಕೆ ಮೊದಲೇ ಎರಡು ಮಾತಿನಲ್ಲಿ ತಿಳಿಸುತ್ತೇವೆ. ಎದ್ದು ಹೊರಬಂದವರ ಹಿಂದೆ ‘ಏನಾಯ್ತಮ್ಮಾ’ ಎಂದು ಕೇಳುತ್ತಾ ಹೋಗಬಾರದು. ನೀರಿನ ಲೋಟ, ಕುರ್ಚಿ ಹೊರಗಿರಲಿ, ಕಣ್ಣಿಗೆ ಬೀಳುವಷ್ಟು ದೂರದಲ್ಲಿ ಒಬ್ಬರಿದ್ದರೆ ಸಾಕು. ಚಿತ್ರದಲ್ಲಿ ಮಾತಾಡಿದವರು ಬಂದಿದ್ದರೆ ಅವರನ್ನು ಕೇಳದೆ ಫೋಟೊ ತೆಗೆಯುವಂತಿಲ್ಲ. ಪತ್ರಿಕೆಯವರಿಗೂ ಇದನ್ನು ಬಾಗಿಲಲ್ಲೇ ಹೇಳುತ್ತೇವೆ. ಕೂಲಿ ಬಿಟ್ಟು ಬಂದವರಿಗೆ ಆ ದಿನದ ಕೂಲಿ, ಬಸ್ ಚಾರ್ಜು ಕವರಿನಲ್ಲಿ ಮೊದಲೇ ಸಿದ್ಧವಿರಬೇಕು. ಎಲ್ಲರೆದುರು ಎಣಿಸಿ ಕೊಡಬಾರದು.

ಸಂವಾದದಲ್ಲಿ ಮೈಕ್ ಯಾರ ಕೈಗೆ ಮೊದಲು ಹೋಗುತ್ತದೋ ಮಾತು ಅವರ ದಾರಿಯನ್ನೇ ಹಿಡಿಯುತ್ತದೆ. ಉಪನ್ಯಾಸಕರ ಕೈಗೆ ಹೋದರೆ ಹತ್ತು ನಿಮಿಷ ಭಾಷಣ, ಹಿಂದಿನ ಸಾಲಿನ ಅಕ್ಕಂದಿರು ಆಮೇಲೆ ಬಾಯಿ ಬಿಡುವುದಿಲ್ಲ. ಹಾಗಾಗಿ ನಮ್ಮಲ್ಲಿ ಮೈಕ್ ಹಿಂದಿನಿಂದ ಮುಂದಕ್ಕೆ ಬರುತ್ತದೆ, ಮೈಕನ್ನು ಸ್ವಯಂಸೇವಕರೇ ಹಿಡಿದಿರುತ್ತಾರೆ. ‘ಅಕ್ಕಾ, ನಿಮ್ಮ ಕೆಲಸದಲ್ಲೂ ಹಿಂಗೇನಾ?’ ಎಂದು ಕೇಳಿದರೆ ಮಾತು ಹೊರಡುತ್ತದೆ; ‘ಚಿತ್ರದ ಬಗ್ಗೆ ನಿಮ್ಮ ಅನಿಸಿಕೆ ಏನು?’ ಎಂದರೆ ‘ಚೆನ್ನಾಗಿತ್ತು’ ಎಂಬಲ್ಲಿಗೆ ಮುಗಿಯುತ್ತದೆ. ಹಳ್ಳಿಗಳಿಗೆ ಹೋಗುವ ಕೊನೆಯ ಬಸ್ಸುಗಳ ಸಮಯವನ್ನು ಬಾಗಿಲ ಬಳಿ ದೊಡ್ಡದಾಗಿ ಬರೆದು ಹಾಕಿ, ಮೊದಲು ಹೊರಡುವ ಬಸ್ಸಿಗೆ ಅರ್ಧ ಗಂಟೆ ಇರುವಾಗಲೇ ಸಂವಾದ ನಿಲ್ಲಿಸುತ್ತೇವೆ.