ಅಪ್ಪ ಅಮ್ಮನ ಜೊತೆ ಆರಾಮಾಗಿ ನಡೆಯೋಕೆ: ಹೊನ್ನಾವರದ ಕಾಂಡ್ಲಾ ಕಾಡು, ಮಿರ್ಜಾನ್ ಕೋಟೆ

ಬೆಂಗಳೂರಿಂದ ಹಿರಿಯರನ್ನು ಕರೆದುಕೊಂಡು ಹೋಗೋಕೆ, ಬೆಟ್ಟ ಹತ್ತದ ಜಾಗ ಹುಡುಕುತ್ತಿದ್ದೀರಾ? ರಾತ್ರಿ ಪಂಚಗಂಗಾ ರೈಲಲ್ಲಿ ಮಲಗಿದರೆ ಬೆಳಿಗ್ಗೆ ಕುಮಟಾ. ಅಲ್ಲಿಂದ ಹೊನ್ನಾವರದ ಕಾಸರಕೋಡಿಗೆ ಹೋಗಿ. ಶರಾವತಿ ಸಮುದ್ರ ಸೇರುವ ಕಡೆ ಕಾಂಡ್ಲಾ ಕಾಡಿನೊಳಗೆ (ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರಗಳ ಕಾಡು) ಹಲಗೆಯ ದಾರಿ ಇದೆ, ಸಮತಟ್ಟು. ಸಮುದ್ರದ ಭರತ ಇಳಿದು ನೀರು ತಗ್ಗಿದ ಹೊತ್ತಿಗೇ ಹೋಗಿ, ಆಗ ಕೆಸರಿನಿಂದ ಮೇಲೆದ್ದ ಬೇರುಗಳು ಪೂರ್ತಿ ಕಾಣುತ್ತವೆ, ಬುಡದಲ್ಲಿ ಸಣ್ಣ ಏಡಿಗಳು ಬಿಲದಿಂದ ಬಿಲಕ್ಕೆ ಓಡುತ್ತಿರುತ್ತವೆ, ನಮ್ಮಮ್ಮ ಅಲ್ಲೇ ಅರ್ಧ ಗಂಟೆ ಬಗ್ಗಿ ನೋಡುತ್ತಾ ನಿಂತುಬಿಟ್ಟರು! ಒದ್ದೆ ಹಲಗೆ ಜಾರುತ್ತದೆ, ಹಿಡಿತ ಇರುವ ಚಪ್ಪಲಿ ಹಾಕಿ.

ಮಧ್ಯಾಹ್ನದ ಮೇಲೆ ಮಿರ್ಜಾನ್ ಕೋಟೆ, ಕುಮಟಾದಿಂದ ಸುಮಾರು 11 ಕಿ.ಮೀ. ‘ಕಾಳುಮೆಣಸಿನ ರಾಣಿ’ ಎಂದೇ ಹೆಸರಾದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೋಟೆ ಇದು. ಮಳೆ ಮುಗಿದ ಹೊಸದರಲ್ಲಿ ಚಿರೇಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ ತುಂಬ ಹಸಿರು ಪಾಚಿ. ಒಳಗೆ ಬಾವಿಗಳಿವೆ, ಮಕ್ಕಳ ಕೈ ಬಿಡಬೇಡಿ.