ಹಳೇ ಗೇಮಿಂಗ್ ಪಿಸಿ: ರಿಪೇರಿ ಸಾಕಾ, ಹೊಸದೇ ಬೇಕಾ?

ಆರೇಳು ವರ್ಷದ ಹಿಂದೆ ಜೋಡಿಸಿದ ಪಿಸಿ. ಹೊಸ ಆಟ ಹಾಕಿದರೆ ತಡವರಿಸುತ್ತದೆ, ಫ್ಯಾನ್ ಮಾತ್ರ ಅಡಿಕೆ ಸುಲಿಯುವ ಮಷಿನ್ ಥರ ಕೂಗುತ್ತದೆ. ಅಂಗಡಿಯಲ್ಲಿ ಕೇಳಿದರೆ ‘ಹೊಸದೇ ತಗೊಳ್ಳಿ’ ಅನ್ನುತ್ತಾರೆ, ಗೆಳೆಯರನ್ನು ಕೇಳಿದರೆ ‘ಗ್ರಾಫಿಕ್ಸ್ ಕಾರ್ಡ್ ಬದಲಿಸು ಸಾಕು’ ಅನ್ನುತ್ತಾರೆ. ಇಬ್ಬರೂ ನಿಮ್ಮ ಪಿಸಿಯನ್ನು ಬಿಚ್ಚಿ ನೋಡಿರುವುದಿಲ್ಲ. ನೀವು ನೋಡಿ.

ಮೊದಲು ಸ್ಕ್ರೂಡ್ರೈವರ್, ಆಮೇಲೆ ಪರ್ಸ್

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕ್ಯಾಬಿನೆಟ್ ಒಳಗಿನ ಧೂಳು ಒಣಗಿರುತ್ತದಾ? ಅದು ತೇವ ಹಿಡಿದು ಹೀಟ್‌ಸಿಂಕ್ (ಪ್ರೊಸೆಸರ್‌ನ ಬಿಸಿ ಹೀರುವ ಲೋಹದ ಭಾಗ) ಸಂದಿಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಗಾಳಿ ಆಡುವುದಿಲ್ಲ. ಬಿಸಿಯಾದ ಪ್ರೊಸೆಸರ್ ಸುಟ್ಟುಹೋಗಬಾರದು ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ, ನಾವು ಅದಕ್ಕೆ ವಯಸ್ಸಾಯಿತು ಅಂದುಕೊಳ್ಳುತ್ತೇವೆ. ಹಾಗಾಗಿ ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದುಕೊಂಡು ಬ್ಲೋವರ್ ಹೊಡೆಯಿರಿ, ಪ್ರೊಸೆಸರ್‌ಗೆ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿ, ರ‍್ಯಾಮ್ ತೆಗೆದು ಮತ್ತೆ ಕೂರಿಸಿ. ಹಲ್ಲಿ ಮೊಟ್ಟೆ ಸಿಕ್ಕರೆ ಗಾಬರಿ ಬೇಡ, ನಮ್ಮ ಕಡೆ ಮಾಮೂಲು.

ಹಾಗೇ ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮುಂಚಿನ, ಬೋರ್ಡಿನದೇ ಸೆಟ್ಟಿಂಗ್ಸ್) ಹೋಗಿ, ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಇದೆಯಾ ನೋಡಿ. ಆಫ್ ಇದ್ದರೆ 3200 ಅಂತ ಬರೆದಿರುವ ರ‍್ಯಾಮ್ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ಪೈಸೆ ಖರ್ಚಿಲ್ಲದೆ ಸಿಗುವ ವೇಗ ಇದು.

ಸುಸ್ತಾಗಿರುವುದು ಯಾವುದು?

ಪಿಸಿಯ ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಅದನ್ನು ಹಾಕಿಕೊಂಡು ನೀವು ನಿಜವಾಗಿ ಆಡುವ ಆಟವನ್ನೇ ಅರ್ಧ ಗಂಟೆ ಆಡಿ. ಗ್ರಾಫಿಕ್ಸ್ ಕಾರ್ಡ್ ಬಳಕೆ ಸದಾ 97, 98 ಪರ್ಸೆಂಟ್ ತೋರಿಸಿದರೆ ಕಾರ್ಡೇ ಸೋತಿದೆ. ಅದು 60ರ ಹತ್ತಿರ ಆರಾಮಾಗಿದ್ದೂ ಫ್ರೇಮ್ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ ಸಂಖ್ಯೆ) ಬೀಳುತ್ತಿದ್ದರೆ ಪ್ರೊಸೆಸರ್ ಮೇಲೆ ಅನುಮಾನ ಪಡಿ. ಖಚಿತ ಮಾಡಿಕೊಳ್ಳಲು ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸಿ ನೋಡಿ: ಆಗಲೂ ಫ್ರೇಮ್ ಹೆಚ್ಚಾಗದಿದ್ದರೆ ಹೊಸ ಕಾರ್ಡ್ ತಂದರೂ ದುಡ್ಡು ದಂಡ. ಆಟ ಲೋಡ್ ಆಗುವುದೇ ನಿಧಾನ ಅಂದರೆ ಹಾರ್ಡ್ ಡಿಸ್ಕ್ ಕಾರಣ ಇರಬಹುದು. ಅದಕ್ಕಿಂತ ವೇಗದ ಒಂದು ಎಸ್‌ಎಸ್‌ಡಿ ಹಾಕಿ, ಅದು ಮುಂದಿನ ಪಿಸಿಗೂ ಬರುತ್ತದೆ.

ತೀರ್ಪು ಕೊಡುವುದು ಮದರ್‌ಬೋರ್ಡ್

ಪ್ರೊಸೆಸರ್ ಸೋತಿದೆ ಅಂತ ಗೊತ್ತಾದರೆ ಬೋರ್ಡ್ ಹೆಸರು ನೋಡಿ. ಎಎಂಡಿ ಕಂಪನಿಯ ಪ್ರೊಸೆಸರ್‌ಗಳ ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡ್ ಇದ್ದವರು ಪುಣ್ಯವಂತರು. ಎಎಂಡಿಯ ಮೊದಲ ರೈಜೆನ್ ಪ್ರೊಸೆಸರ್ ಬಂದ 2017ರ ಕಾಲದ ಎಷ್ಟೋ ಬೋರ್ಡ್‌ಗಳು ಬಯಾಸ್ ಅಪ್‌ಡೇಟ್ ಮಾಡಿದರೆ ರೈಜೆನ್ 5 5600 ಅಥವಾ 5700ಎಕ್ಸ್3ಡಿ ತೆಗೆದುಕೊಳ್ಳುತ್ತವೆ. ಆದರೆ ಬೋರ್ಡ್ ಕಂಪನಿಯ ಪಟ್ಟಿಯಲ್ಲಿ ಆ ಪ್ರೊಸೆಸರ್ ಹೆಸರು ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಮತ್ತೆ ದಯವಿಟ್ಟು ಗಾಳಿ ಮಳೆ ಇರುವ ದಿನ ಬಯಾಸ್ ಅಪ್‌ಡೇಟ್ ಮಾಡಬೇಡಿ! ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡೇ ಸತ್ತುಹೋಗಬಹುದು. ಯುಪಿಎಸ್ ಕಡ್ಡಾಯ.

ಇಂಟೆಲ್ ಕಥೆ ಬೇರೆ. 7ನೇ ತಲೆಮಾರಿನ ಬೋರ್ಡ್‌ಗೆ 8ನೆಯದು ಕೂರುವುದಿಲ್ಲ, ಎರಡೂ 1151 ಸಾಕೆಟ್ಟೇ ಆದರೂ. 10 ಮತ್ತು 11ನೇ ತಲೆಮಾರಿಗೆ 1200 ಸಾಕೆಟ್, 12ರಿಂದ 14ಕ್ಕೆ 1700. ಹಾಗಾಗಿ ಸಾಮಾನ್ಯವಾಗಿ ಪ್ರೊಸೆಸರ್ ಜೊತೆ ಬೋರ್ಡ್ ಬದಲಿಸಬೇಕು, ಹೊಸ ಬೋರ್ಡ್ ಹಳೆಯ ಡಿಡಿಆರ್4 ಬದಲು ಹೊಸ ಬಗೆಯ ಡಿಡಿಆರ್5 ಕೇಳಿದರೆ ರ‍್ಯಾಮ್ ಕೂಡ. ಈ ಮೂರೂ ಒಟ್ಟಿಗೆ ಬದಲಾಗುತ್ತವೆ ಅಂದಮೇಲೆ ಅದು ರಿಪೇರಿ ಅಲ್ಲ, ಹೊಸ ಪಿಸಿಯೇ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ, ಆದ್ದರಿಂದ ಕೈಯಲ್ಲಿರುವ ಡಿಡಿಆರ್4 ಅನ್ನು ಉಳಿಸಿಕೊಳ್ಳುವ ದಾರಿ ಇದ್ದರೆ ನಾನಂತೂ ಅದನ್ನೇ ಹಿಡಿಯುತ್ತೇನೆ.

ವಿಂಡೋಸ್ ವಿಷಯ ಮರೆಯಬೇಡಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕಲು ಹೆಚ್ಚುಕಡಿಮೆ ಇಂಟೆಲ್ 8ನೇ ತಲೆಮಾರು ಅಥವಾ ರೈಜೆನ್ 2000 ಸರಣಿ ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಬೇಕು. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಟ ಆಡುವುದಕ್ಕೂ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ (ಪಿಸಿ ಶುರುವಾಗುವಾಗಲೇ ತಪಾಸಣೆ ಮಾಡುವ ಬಯಾಸ್ ಸೆಟ್ಟಿಂಗ್) ಆನ್ ಇರಬೇಕು. ‘ನನ್ನ ಪಿಸಿಯಲ್ಲಿ ಟಿಪಿಎಂ ಇಲ್ಲ’ ಅನ್ನುವ ಮುಂಚೆ ಬಯಾಸ್ ನೋಡಿ, ಸುಮ್ನೆ ಆಫ್ ಆಗಿರಬಹುದು.

ಕಾರ್ಡ್ ಕೊಳ್ಳುವುದಾದರೆ

ಎನ್ವಿಡಿಯಾದ ಜಿಟಿಎಕ್ಸ್ 1060 ಕಾರ್ಡ್ ಬಂದಿದ್ದು 2016ರಲ್ಲಿ. ಹಳೇ ಆಟಗಳಿಗೆ ಈಗಲೂ ಪರವಾಗಿಲ್ಲ, ಆದರೆ ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದಂತೆ ಮೂಡಿಸುವ ತಂತ್ರ) ಹಾರ್ಡ್‌ವೇರ್ ಬೇಕೇ ಬೇಕು ಅನ್ನುವ ಡೂಮ್: ದಿ ಡಾರ್ಕ್ ಏಜಸ್ ನಂಥ ಆಟಗಳಿಗೆ ಅದು ಲೆಕ್ಕಕ್ಕಿಲ್ಲ.

ಹೊಸ ಕಾರ್ಡ್‌ಗಿಂತ ಮುಂಚೆ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಹಂಚುವ ಡಬ್ಬಿ) ನೋಡಿ. ಆರ್‌ಟಿಎಕ್ಸ್ 3060ಗೆ 170 ವ್ಯಾಟ್ ಬೇಕು, 4060ಗೆ 115 ಸಾಕು. 3050ರ 6 ಜಿಬಿ ಮಾದರಿ 70 ವ್ಯಾಟ್‌ನಲ್ಲಿ ಮುಗಿಸುತ್ತದೆ, ಹೆಚ್ಚಿನವಕ್ಕೆ ಬೇರೆ ಪವರ್ ಕೇಬಲ್ ಕೂಡ ಬೇಡ. ಕ್ಯಾಬಿನೆಟ್ ಜೊತೆ ಫ್ರೀ ಬಂದ ಹೆಸರಿಲ್ಲದ ಎಸ್‌ಎಂಪಿಎಸ್ ಮೇಲೆ ‘450 ವ್ಯಾಟ್’ ಅಂತ ಬರೆದಿದ್ದರೆ ನಂಬಬೇಡಿ. ನಮ್ಮ ಹಳ್ಳಿಗಳ ವೋಲ್ಟೇಜ್ ಏರಿಳಿತ ಕಂಡ ಮೇಲಂತೂ ಅದನ್ನು ಬದಲಿಸಿಯೇ ಮುಂದುವರಿಯಿರಿ. ಸೆಕೆಂಡ್ ಹ್ಯಾಂಡ್ ಕಾರ್ಡ್ ಬೆಂಗಳೂರಿನ ಎಸ್‌ಪಿ ರೋಡ್‌ನ ಕಂಪ್ಯೂಟರ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕರೂ, ಕೆಟ್ಟರೆ ಶಿವಮೊಗ್ಗದಿಂದ ಮತ್ತೆ ಅಲ್ಲಿಗೇ ಹೋಗಬೇಕಲ್ವಾ? ಬಸ್ ಚಾರ್ಜ್ ಸೇರಿಸಿ ಲೆಕ್ಕ ಹಾಕಿ, ಕಣ್ಣೆದುರೇ ಭಾರೀ ಆಟವೊಂದನ್ನು ಓಡಿಸಿ ತೋರಿಸಲು ಹೇಳಿ.

ನನ್ನ ಲೆಕ್ಕ ಇಷ್ಟು: ರಿಪೇರಿ ಖರ್ಚು ಹೊಸ ಪಿಸಿಯ ಅರ್ಧ ಬೆಲೆ ದಾಟಿದರೆ ಹೊಸದಕ್ಕೆ ಹೋಗಿ, ಅರ್ಧಕ್ಕಿಂತ ಕಡಿಮೆ ಇದ್ದು ಬೋರ್ಡ್ ಗಟ್ಟಿ ಇದ್ದರೆ ಹಳೆಯದನ್ನೇ ಎಳೆಯಿರಿ. ಅಡಿಕೆ ದುಡ್ಡು ಬರಲಿ ಅಂತ ಕಾಯುವವರು ಈ ಮಧ್ಯೆ ಎಸ್‌ಎಸ್‌ಡಿ, ಎಸ್‌ಎಂಪಿಎಸ್ ತಂದಿಟ್ಟುಕೊಂಡರೆ ನಷ್ಟವಿಲ್ಲ, ಎರಡೂ ಮುಂದೆ ಹೊಸ ಪಿಸಿಗೆ ಬರುತ್ತವೆ.

ಯಾವ ದಾರಿ ಹಿಡಿದರೂ ಬಜೆಟ್‌ನಲ್ಲಿ ಯುಪಿಎಸ್‌ಗೆ ಜಾಗ ಇರಲಿ. ಮನೆಯ ಇನ್ವರ್ಟರ್‌ನಲ್ಲೇ ಓಡಿಸುವವರು ಅದರ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯಾ ನೋಡಿ, ಇಲ್ಲದಿದ್ದರೆ ಕರೆಂಟ್ ಹೋದಾಗೆಲ್ಲ ಪಿಸಿ ರೀಸ್ಟಾರ್ಟ್ ಆಗಬಹುದು. ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾದರೆ ಪವರ್ ಪ್ಲಗ್ ಒಂದನ್ನೇ ಅಲ್ಲ, ಲ್ಯಾನ್ ಕೇಬಲ್ ಕೂಡ ಕಿತ್ತಿಡಿ. ಸಿಡಿಲು ಆ ದಾರಿಯಿಂದಲೂ ಬೋರ್ಡ್‌ಗೆ ಬರುತ್ತದೆ.